ಲೈನಪ್ಪನ ಸರದಿ

ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಎಲ್ಲರೂ ಅವನನ್ನು ಕರೆಯುವುದು ಲೈನಪ್ಪ ಎಂದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ, ಅದನ್ನು ಓದುವವರು ಯಾರೂ ಇಲ್ಲ. ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು, ಕೆಮ್ಮುವವರು, ಕುಂಟುವವರು, 'ನಾನು ಇಂಥವರ ಕಡೆಯವನು' ಎಂದು ಕಣ್ಣು ಮಿಟುಕಿಸುವವರು, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಅವನ ಕೆಲಸ. ಕೆಲಸವೇನು ಬಂತು, ಹುಚ್ಚು ಅನ್ನಿ. ಬಸ್ ಸ್ಟಾಪಿನಲ್ಲಿ ಒಬ್ಬನೇ ಒಬ್ಬ ನಿಂತಿದ್ದರೂ ಅವನ ಬೆನ್ನ ಹಿಂದೆ ಹೋಗಿ ನಿಲ್ಲುವ ಆಸಾಮಿ ಇವನು. ಆ ಮನುಷ್ಯ ಇವನನ್ನು ಜೇಬುಗಳ್ಳನೆಂದು ತಿಳಿದು ಆಚೆ ಸರಿದರೆ ಇವನೂ ಸರಿಯುತ್ತಾನೆ. ಸಾಲು ಮುಂದೆ ಹೋಯಿತಲ್ಲ!

ತನ್ನ ಈ ಚಾಳಿಯನ್ನು ತಾನೇ ಹೇಳಿಕೊಂಡು ನಗುವುದರಲ್ಲೂ ಲೈನಪ್ಪ ಎತ್ತಿದ ಕೈ. ಒಮ್ಮೆ ಹಲ್ಲು ನೋವು ಬಂದು ಕೆನ್ನೆ ಊದಿಕೊಂಡಿತು. ಹಲ್ಲಿನ ಡಾಕ್ಟರು ಅವನ ಜೊತೆ ದಿನಾ ಕಾಫಿ ಕುಡಿಯುವವರೇ. ಆದರೂ ಚೀಟಿ ಮಾಡಿಸಿ, ತಾನೇ ಕಟ್ಟಿದ ಸಾಲಿನ ಕೊನೆಯಲ್ಲಿ ನಿಂತ. ಬಾಗಿಲ ಹತ್ತಿರ ಬರುವಷ್ಟರಲ್ಲಿ ಹೊತ್ತು ಮುಗಿಯಿತು. "ನಾಳೆ ಬನ್ನಿ ಅಂತ ನನಗೆ ನಾನೇ ಹೇಳ್ಕೊಂಡು ಮನೆಗೆ ಹೋದೆ ಕಣ್ರೀ. ಎಷ್ಟು ಗೋಗರೆದರೂ ನಾನು ಜಗ್ಗಲಿಲ್ಲ!" ಎಂದು ಹೇಳಿ, ಕೇಳಿದವರಿಗಿಂತ ಮುಂಚೆ ಅವನೇ ನಗುತ್ತಾನೆ.

ಇಂಥವನಿಗೆ ಒಬ್ಬಳೇ ಮಗಳು. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಲೈನಪ್ಪ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ. ಆದರೆ ರಜಾ ದಿನಗಳಲ್ಲಿ ಅವಳು ಜನರ ಮುಂದೆ ನಿಂತು ಏನೋ ಒಂದು ಮಾಡುತ್ತಾಳೆ. ನಾಟಕ ಅನ್ನೋಣವೆಂದರೆ ಮಾತಿಲ್ಲ, ಕುಣಿತ ಅನ್ನೋಣವೆಂದರೆ ಅಲುಗಾಟವೇ ಇಲ್ಲ. ಪರ್ಫಾರ್ಮೆನ್ಸ್ ಆರ್ಟ್ ಎನ್ನುತ್ತಾರಂತೆ. "ನಿನ್ನ ಮಗಳು ಏನು ಮಾಡ್ತಾಳಪ್ಪಾ?" ಎಂದು ವಾರ್ಡಿನ ನರ್ಸಮ್ಮ ಕೇಳಿದರೆ, "ನಿಂತ್ಕೋತಾಳೆ. ನನ್ನ ಮಗಳಲ್ವಾ?" ಎನ್ನುತ್ತಾನೆ.

ಕಳೆದ ಸಲ ಪಾರ್ಕಿನಲ್ಲಿ ಹಗ್ಗದ ಒಂದು ತುದಿ ಹಿಡಿದು ದಿನವಿಡೀ ನಿಂತಿದ್ದಳು. ಇನ್ನೊಂದು ತುದಿಯನ್ನು ಬಂದವರು ಯಾರಾದರೂ ಹಿಡಿಯಬೇಕು, ಅಷ್ಟೇ ಆಟ. ಹಿಡಿದದ್ದು ಒಂದು ನಾಯಿಮರಿ. ಅವತ್ತು ಸಂಜೆ ಮನೆಗೆ ಬಂದವಳು ಊಟವನ್ನೂ ಮಾಡದೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ದಿನಕ್ಕೆ ನೂರಾರು ಜನರನ್ನು ನಿಲ್ಲಿಸುವ ನನ್ನಿಂದ ಮಗಳ ಹಗ್ಗಕ್ಕೆ ಒಬ್ಬನನ್ನು ನಿಲ್ಲಿಸಲಾಗಲಿಲ್ಲವಲ್ಲ ಎಂದು ಲೈನಪ್ಪ ಕೊರಗಿದ.

ಈ ಸಲ ಅವಳಿಗೆ ಪೇಟೆಯ ಮಧ್ಯದ ದೊಡ್ಡ ಹಾಲ್ ಸಿಕ್ಕಿತ್ತು. ಆಟವೂ ಹೊಸದು. ಅವಳು ಒಂದು ದೊಡ್ಡ ಸ್ಟೀಲ್ ಬೋಗುಣಿಯನ್ನು ಎದೆಯ ಮಟ್ಟಕ್ಕೆ ಎರಡೂ ಕೈಯಲ್ಲಿ ಹಿಡಿದು ನಿಲ್ಲುವುದು. ಪಕ್ಕದಲ್ಲಿ ನಲ್ಲಿಯಿರುವ ಡ್ರಮ್ಮು, ಮೇಜಿನ ಮೇಲೆ ಲೋಟಗಳು. ಬಂದವರು ಬೇಕಾದರೆ ಒಂದು ಲೋಟ ನೀರು ತಂದು ಬೋಗುಣಿಗೆ ಹಾಕಬಹುದು. ಬೇಡವಾದರೆ ಸುಮ್ಮನಿರಬಹುದು. ಬೇಕಾದರೆ ಬೋಗುಣಿಯನ್ನೇ ಅವಳ ಕೈಯಿಂದ ಇಸಿದುಕೊಳ್ಳಬಹುದು.

"ಅಷ್ಟೇನಾ?" ಎಂದ ಲೈನಪ್ಪ.

"ಅಷ್ಟೇ ಅಪ್ಪ. ನಾನು ಏನೂ ಮಾಡಲ್ಲ. ಜನ ಏನು ಮಾಡ್ತಾರೋ ಅದೇ ಆಟ."

ಅವನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ನಿನ್ನ ಬಲಗೈ ಮಣಿಕಟ್ಟು ಮುರಿದು ಇನ್ನೂ ವರ್ಷ ಆಗಿಲ್ಲ. ಭಾರ ಎತ್ತಬೇಡ ಅಂತ ಮೂಳೆ ಡಾಕ್ಟರು ಹೇಳಿದ್ದು ಮರೆತೋಯ್ತಾ? ಇನ್ನೊಂದ್ಸಲ ಮುರಿದ್ರೆ ಬ್ರಷ್ ಹಿಡಿಯೋಕೂ ಆಗಲ್ಲ ಅಂದಿದ್ರು!"

"ಭಾರ ಜಾಸ್ತಿ ಆದ್ರೆ ಯಾರಾದ್ರೂ ಇಸ್ಕೋತಾರೆ ಬಿಡಮ್ಮ. ನೋಡ್ತಾ ಇರ್ತಾರಲ್ಲ, ಅವರೂ ಮನುಷ್ಯರೇ ತಾನೇ?" ಎಂದು ನಕ್ಕಳು ಮಗಳು. ಆದರೆ ಅಮ್ಮ ಮಾತ್ರ ನಡುವೆ ಬರಬಾರದೆಂದು ಆಣೆ ಹಾಕಿಸಿಕೊಂಡಳು. ಹಾಗೇ ಬಿಟ್ಟರೆ ಅಮ್ಮ ಮೊದಲ ಲೋಟಕ್ಕೇ ಬಂದು ಕಿತ್ತುಕೊಳ್ಳುತ್ತಾಳೆಂದು ಅವಳಿಗೆ ಗೊತ್ತಿತ್ತು. ಅಪ್ಪನಿಂದ ಅಂಥ ಮಾತೇನೂ ತೆಗೆದುಕೊಳ್ಳಲಿಲ್ಲ.

ಆ ದಿನ ಬಂತು. ಹಾಲ್‌ನಲ್ಲಿ ಜನ ಬೇಕಾದಷ್ಟಿದ್ದರು. ಆದರೆ ಎಲ್ಲರೂ ಗೋಡೆಗೆ ಅಂಟಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮಗಳು ನಡುವೆ ಬೋಗುಣಿ ಹಿಡಿದು ನಿಂತಿದ್ದಾಳೆ. ಬೋಗುಣಿ ಖಾಲಿ. ಹೊತ್ತು ಹೋಗುತ್ತಿದೆ, ಯಾರೂ ಮುಂದೆ ಬರುತ್ತಿಲ್ಲ. ಮತ್ತೆ ನಾಯಿಮರಿಯ ಕಥೆಯೇ ಆಯಿತಲ್ಲಪ್ಪಾ ಎಂದು ಲೈನಪ್ಪನಿಗೆ ಬೆವರು ಕಿತ್ತುಕೊಂಡು ಬಂತು.

ತಡೆಯಲಾಗಲಿಲ್ಲ. ಅಂಗಿ ಸರಿಮಾಡಿಕೊಂಡು ಹೋಗಿ, ಒಂದು ಲೋಟ ತುಂಬಿಸಿ ಬೋಗುಣಿಗೆ ಸುರಿದ. ಮಗಳ ಕಣ್ಣಲ್ಲಿ ಸಣ್ಣ ನಗು ಕಾಣಿಸಿತು. ಅಷ್ಟು ಸಾಕಾಯಿತು ಅವನಿಗೆ. ಜನರ ಕಡೆ ತಿರುಗಿ, ಆಸ್ಪತ್ರೆಯ ಗಂಟಲು ತೆಗೆದ.

"ಬನ್ನಿ ಬನ್ನಿ, ಸಂಕೋಚ ಬೇಡ! ಒಬ್ಬೊಬ್ಬರೇ ಬನ್ನಿ. ಇಲ್ಲಿ ಲೋಟ, ಅಲ್ಲಿ ನಲ್ಲಿ. ಹಾಕಿದವರು ಈ ಕಡೆಯಿಂದ ಹೋಗಿ. ಅಮ್ಮಾ, ನೀವು ಅವರ ಹಿಂದೆ. ನೂಕುನುಗ್ಗಲು ಮಾಡಬೇಡಿ, ಎಲ್ಲರಿಗೂ ಸಿಗುತ್ತೆ!"

ಎಲ್ಲರಿಗೂ ಏನು ಸಿಗುತ್ತದೆ ಎಂದು ಯಾರೂ ಕೇಳಲಿಲ್ಲ. ಸಾಲು ಕಂಡರೆ ನಿಲ್ಲುವುದು ಜನರ ಗುಣ. ನೋಡನೋಡುತ್ತಿದ್ದ ಹಾಗೆ ಬಾಗಿಲಾಚೆಯವರೆಗೂ ಸಾಲು ಬೆಳೆಯಿತು. ಬೀದಿಯಲ್ಲಿ ಹೋಗುತ್ತಿದ್ದವರೂ ಏನೋ ಪುಕ್ಕಟೆ ಕೊಡುತ್ತಿದ್ದಾರೆಂದು ಬಂದು ಸೇರಿಕೊಂಡರು. ಹಾಲ್‌ನ ಮಾಲೀಕರೇ ನಡುವೆ ನುಗ್ಗಲು ಬಂದಾಗ, "ಯಾರೇ ಆಗ್ಲಿ ಸಾರ್, ಲೈನಲ್ಲೇ ಬರಬೇಕು" ಎಂದು ಹಿಂದಕ್ಕೆ ಕಳಿಸಿದ. ಅವರೂ ತಲೆಯಾಡಿಸಿ ಹೋದರು. ಲೈನಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಲೆ ಅಂದರೆ ಇಷ್ಟೇನಾ, ಇದನ್ನು ನಾನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೀನಲ್ಲ ಎಂದು ಒಳಗೊಳಗೇ ಬೀಗಿದ.

ಸಾಲು ಎಷ್ಟು ಚೆನ್ನಾಗಿ ಸಾಗುತ್ತಿತ್ತೆಂದರೆ, ಮಗಳ ಕಡೆ ತಿರುಗಿ ನೋಡುವುದಕ್ಕೇ ಅವನಿಗೆ ಪುರುಸೊತ್ತಾಗಲಿಲ್ಲ.

ಹೆಂಡತಿ ಬಂದು ತೋಳು ಹಿಡಿದು ಜಗ್ಗಿದಳು. ನೋಡಲಾರೆನೆಂದು ಅಷ್ಟು ಹೊತ್ತೂ ಹೊರಗೆ ಕುಳಿತಿದ್ದವಳು ಅವಳು. "ರೀ, ಒಂದ್ಸಲ ಅವಳ ಕೈ ನೋಡ್ರಿ."

ನೋಡಿದ. ಬೋಗುಣಿ ಮುಕ್ಕಾಲು ತುಂಬಿತ್ತು. ಮಗಳ ಮೊಣಕೈಗಳು ಪಕ್ಕೆಗೆ ಒತ್ತಿಕೊಂಡಿದ್ದವು, ತುಟಿ ಬಿಳುಚಿಕೊಂಡಿತ್ತು. ಬಲಗೈ ಮಣಿಕಟ್ಟು ನಡುಗಿ ನಡುಗಿ ನೀರು ಅಂಚಿನಿಂದ ತುಳುಕುತ್ತಿತ್ತು. ಮೂಳೆ ಡಾಕ್ಟರ ಮಾತು ಲೈನಪ್ಪನ ತಲೆಯಲ್ಲಿ ಗುಡುಗಿತು.

"ನಾನು ಆಣೆ ಮಾಡಿದ್ದೀನಿ. ನೀವು ಮಾಡಿಲ್ಲ," ಎಂದಳು ಹೆಂಡತಿ. "ಹೋಗಿ ಇಸ್ಕೊಳ್ಳಿ." ಅಷ್ಟು ಹೇಳಿ ಸೆರಗು ಬಾಯಿಗೊತ್ತಿಕೊಂಡು ಮತ್ತೆ ಹೊರಗೆ ಹೋದಳು.

ಹೋಗಬೇಕು ಎಂದು ಹೊರಟ. ನಿಜವಾಗಿಯೂ ಹೊರಟ. ಆದರೆ ಸಾಲಿನ ತಲೆಯಲ್ಲಿ ನಿಂತಿದ್ದ ಒಬ್ಬ ಮುದುಕರು ಲೋಟ ಎತ್ತಿ ಹಿಡಿದು, "ಏನಯ್ಯಾ, ಎಲ್ಲರನ್ನೂ ಲೈನಲ್ಲಿ ಬಾ ಅಂದವನು ನೀನೇ ನುಗ್ತೀಯಾ?" ಎಂದುಬಿಟ್ಟರು. ಬೇರೆ ಯಾವ ಅಪ್ಪನಾಗಿದ್ದರೂ ಮುದುಕರನ್ನು ಪಕ್ಕಕ್ಕೆ ಸರಿಸಿ ಹೋಗುತ್ತಿದ್ದ. ಲೈನಪ್ಪ ಏನು ಮಾಡಿದ ಗೊತ್ತೇ? "ತಪ್ಪಾಯ್ತು ಸ್ವಾಮಿ" ಎಂದು ಹೇಳಿ, ಸಾಲಿನ ಉದ್ದಕ್ಕೂ ನಡೆದು, ಕೊನೆಯಲ್ಲಿ ಹೋಗಿ ನಿಂತ.

ಸರದಿ ಬಂದಾಗ ಬೋಗುಣಿ ಇಸಿದುಕೊಳ್ಳುವುದು. ಆಗ ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ, ಮಗಳ ಆಟವೂ ಕೆಡುವುದಿಲ್ಲ. ನಿಂತ ಮೇಲೆ ಅವನಿಗೇ ನಾಚಿಕೆಯಾಯಿತು. ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಮನೆಗೆ ಬೆಂಕಿ ಬಿದ್ದರೂ ನೀರಿಗೆ ಸಾಲಿನಲ್ಲಿ ನಿಲ್ಲುವ ಜಾತಿ ನನ್ನದು ಎಂದು ಬೈದುಕೊಂಡ. ಬೈದುಕೊಳ್ಳುತ್ತಲೇ ಹಿಂದೆ ಬರುವವರಿಗೆ ಜಾಗ ಬಿಟ್ಟು ಸರಿಯಾಗಿ ನಿಂತ. ಬಾಯಿ ತನ್ನನ್ನು ಬೈಯುತ್ತಿತ್ತು, ಕಾಲು ಸಾಲು ಬಿಡಲಿಲ್ಲ.

ಮುಂದೆ ನಿಂತಿದ್ದ ಕನ್ನಡಕದ ಹೆಂಗಸು ತಿರುಗಿದಳು. "ಪಾಪ, ಹುಡುಗಿ ಕೈ ನಡುಗ್ತಿದೆ ಅಲ್ವಾ?"

"ಹೌದಮ್ಮ."

"ಯಾರಾದ್ರೂ ನಿಲ್ಲಿಸಬಾರದಾ?"

"ನೀವೇ ನಿಲ್ಲಿಸಿ ನೋಡೋಣ," ಎಂದ ಲೈನಪ್ಪ ಆಸೆಯಿಂದ.

"ನಾನಾ? ಅಯ್ಯೋ, ನಾನ್ಯಾಕೆ? ಅವರವರೇ ಏನೋ ಮಾತಾಡ್ಕೊಂಡಿರ್ತಾರೆ." ಸ್ವಲ್ಪ ಹೊತ್ತು ಯೋಚಿಸಿ, "ಬೇಕಾದ್ರೆ ನಾನು ಅರ್ಧ ಲೋಟ ಹಾಕ್ತೀನಿ ಬಿಡಿ. ಪಾಪ," ಎಂದಳು.

ಈ ಅರ್ಧ ಲೋಟದ ಸುದ್ದಿ ಸಾಲಿನಲ್ಲಿ ಹಬ್ಬಿತು. ಎಲ್ಲರಿಗೂ ಮನಸ್ಸು ಹಗುರವಾಯಿತು. ಅರ್ಧ ಲೋಟ ಹಾಕುತ್ತಾ, "ಜೋಪಾನಮ್ಮ" ಎಂದು ಪ್ರೀತಿಯಿಂದ ಹೇಳಿ ಮುಂದೆ ಹೋದರು. ಒಬ್ಬ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಲು ಎಡಗೈಯಲ್ಲಿ ಸುರಿದ. ಆ ಮುದುಕರು ಕಣ್ಣೊರೆಸಿಕೊಂಡು, ಮತ್ತೊಮ್ಮೆ ಹಾಕಲು ಬಂದು ಲೈನಪ್ಪನ ಹಿಂದೆ ನಿಂತರು.

ನಲ್ಲಿಯ ಹತ್ತಿರ ಬಂದಾಗ ಯಾರೋ ಕೈಗೆ ಲೋಟ ಕೊಟ್ಟರು. ಲೈನಪ್ಪ ಯೋಚಿಸದೆ ತುಂಬಿಸಿಕೊಂಡ. ಎಲ್ಲರೂ ತುಂಬಿಸಿಕೊಳ್ಳುತ್ತಿದ್ದರಲ್ಲ. ಅರ್ಧವಲ್ಲ, ಪೂರ್ತಿ.

ಕನ್ನಡಕದ ಹೆಂಗಸು ಹಾಕಿ ಪಕ್ಕಕ್ಕೆ ಸರಿದಳು. ಈಗ ಎದುರಿಗೆ ಮಗಳು. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಗುತ್ತಿತ್ತು, ಒರೆಸಲು ಕೈ ಇಲ್ಲ. ಅವಳು ಅವನ ಮುಖವನ್ನೂ ಲೋಟವನ್ನೂ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬೋಗುಣಿಯನ್ನು ಅವನ ಕಡೆಗೆ ಚೂರು ಮುಂದೆ ಚಾಚಿದಳು.

ಲೈನಪ್ಪನಿಗೆ ಲೋಟ ಎಲ್ಲಿಡಬೇಕೆಂದೇ ತೋಚಲಿಲ್ಲ. ಮೇಜು ದೂರ. ಕೊನೆಗೆ ನೆಲಕ್ಕೆ ಬಿಟ್ಟ. ಠಣ್ಣೆಂದು ಸದ್ದಾಗಿ ನೀರು ಅವನ ಕಾಲಿನ ಮೇಲೆಲ್ಲಾ ಚೆಲ್ಲಿತು. ಎರಡು ಕೈಯಲ್ಲಿ ಬೋಗುಣಿ ಹಿಡಿದುಕೊಂಡ. ದೇವರೇ, ಎಷ್ಟು ಭಾರ! ಅವನ ಸೊಂಟವೇ ಬಾಗಿತು. ತೇಕುತ್ತಾ ನೆಲದ ಮೇಲಿಟ್ಟ.

"ರೀ, ನಮ್ಮ ಸರದಿ?" ಎಂದರು ಹಿಂದಿದ್ದ ಮುದುಕರು.

"ಲೈನು ಮುಗೀತು. ಮನೆಗೆ ಹೋಗಿ."

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಇದೂ ಆಟದಲ್ಲೇ ಇದ್ದದ್ದು ಎಂದುಕೊಂಡರು. ಹಾಲ್‌ನ ಮಾಲೀಕರು ಬಂದು ಲೈನಪ್ಪನ ಬೆನ್ನು ತಟ್ಟಿ, "ನೀವು ಎಷ್ಟು ಚೆನ್ನಾಗಿ ಮಾಡಿದ್ರಿ!" ಎಂದರು. ನೆಲ ಬಾಯಿ ಬಿಟ್ಟರೆ ಹಾಗೇ ಇಳಿದುಹೋಗೋಣ ಅನ್ನಿಸಿತು ಅವನಿಗೆ.

ಜನ ಹೋದ ಮೇಲೆ ಮಗಳು ಒದ್ದೆ ನೆಲದ ಮೇಲೆಯೇ ಕುಳಿತಳು. ಬೆರಳುಗಳು ಇನ್ನೂ ಬೋಗುಣಿ ಹಿಡಿದ ಹಾಗೇ ಸೆಟೆದುಕೊಂಡಿದ್ದವು. ಅಮ್ಮ ಒಳಗೆ ಬಂದು ಪಕ್ಕದಲ್ಲಿ ಕುಳಿತು, ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸತೊಡಗಿದಳು. ಮಣಿಕಟ್ಟು ಆಗಲೇ ಊದಿಕೊಳ್ಳುತ್ತಿತ್ತು. ಲೈನಪ್ಪ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ.

"ನಿನ್ನಪ್ಪನಷ್ಟು ದಡ್ಡ ಇನ್ನೊಬ್ಬ ಇಲ್ಲ ಕಣಮ್ಮ," ಎಂದ. "ನಿನ್ನ ಕೈಯಿಂದ ಇಸ್ಕೊಳ್ಳೋಕೆ ಅಂತ ಲೈನಲ್ಲಿ ನಿಂತಿದ್ದೆ. ಬೈದುಬಿಡು."

ಮಗಳು ತಲೆಯೆತ್ತಿ ಅವನನ್ನೇ ನೋಡಿದಳು.

"ಇಸ್ಕೊಳ್ಳೋಕಾ?"

"ಮತ್ತಿನ್ನೇನು?"

"ನನಗೆ ಗೊತ್ತಾಗಲಿಲ್ಲ ಅಪ್ಪ. ಕೈ ಯಾವಾಗಲೋ ಸೋತುಹೋಗಿತ್ತು. ಇನ್ನು ಆಗಲ್ಲ, ಬಿಟ್ಟುಬಿಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ಲೈನಲ್ಲಿ ಕಾಣಿಸಿದೆ. ಪಾಪ, ಅಪ್ಪನಿಗೆ ಇನ್ನೊಂದ್ಸಲ ಹಾಕೋ ಆಸೆ, ಅವನ ಸರದಿ ಬರೋವರೆಗಾದ್ರೂ ಹಿಡ್ಕೊಂಡಿರೋಣ ಅಂತ ತಡ್ಕೊಂಡೆ."