ಕಾಯಿಲೆ: ಇಲ್ಲ

ರಶ್ಮಿ, ಲೋಕೇಶನಿಗೆ ಕಾಯಿಲೆ 'ಇಲ್ಲ' ಎಂದು ಹಾಕಿಸಿದವಳು ನಾನು. ಇಷ್ಟು ವರ್ಷ ಬೈಗುಳ ನೀನು ತಿಂದೆ — ನಾನು ಬಾಯಿ ಮುಚ್ಚಿಕೊಂಡಿದ್ದೆ.

ಕಾಫಿ ಎಸ್ಟೇಟಿನ ಆಳುಗಳ ವಿವರವನ್ನು ಮೊಬೈಲಿಗೆ ಹಾಕಲು ನೀನು ಬಂದಿದ್ದೆ. ಕಾಯಿಲೆಯ ಖಾನೆಯನ್ನು ನೀನು ಆಮೇಲೆ ಸೇರಿಸಿದ್ದು. ಅದರ ನಂತರ ಸೇರಿದ ಹೊಸಬರಿಗೆ ಅದಿತ್ತು. ಹಳಬರಿಗೆ ಖಾಲಿ ಖಾನೆಯಲ್ಲ, ಖಾನೆಯೇ ಇರಲಿಲ್ಲ. ಅಂಥವರ ಹೆಸರು ಬಂದಾಗೆಲ್ಲ ಮೊಬೈಲ್ ನಿಂತುಬಿಡುತ್ತಿತ್ತು. ಆಳುಗಳ ಲೈನ್‌ಮನೆಯವರೆಲ್ಲ ನನಗೆ ಗೊತ್ತು ಎಂದು ನೀನು ನನ್ನನ್ನು ಕೇಳಿದೆ.

"ಅಜ್ಜಿ, ಖಾನೆ ಇಲ್ದೋರಿಗೆಲ್ಲ ಒಂದೇ ಸಲ ಸೇರಿಸ್ತೀನಿ. ಒಳಗೆ 'ಕೇಳಿಲ್ಲ' ಅಂತ ಹಾಕ್ಲಾ? ಆಮೇಲೆ ಒಬ್ಬೊಬ್ಬರನ್ನೇ ಕೇಳಣ."

"ಎಂತದು ಮಾರಾಯ್ತಿ, ನಿಂಗೆ ಬೇರೆ ಕೆಲ್ಸ ಇಲ್ವಾ? ಎಲ್ಲ ಗುಂಡುಕಲ್ಲಿನ ಹಾಗಿದಾರೆ. 'ಇಲ್ಲ' ಅಂತ ಹಾಕಿ ಮುಗ್ಸು."

"ಸರಿ, ನೀವೇ ಡಾಕ್ಟ್ರು" ಎಂದು ನೀನು ನಕ್ಕು ಗುಂಡಿ ಒತ್ತಿದೆ.

ನನ್ನ ಎಡಗಣ್ಣು ಆಗಲೇ ಹೋಗಿತ್ತು. ಕಾಫಿ ಹಣ್ಣನ್ನು ಬೆರಳಲ್ಲಿ ಹಿಚುಕಿ ನೋಡಿ ಕೊಯ್ಯುತ್ತಿದ್ದೆ. ಒಬ್ಬೊಬ್ಬರನ್ನೇ ಕೇಳಿದರೆ ನನ್ನನ್ನು ಕೆಲಸದಿಂದ ಬಿಡಿಸುತ್ತಿದ್ದರು. ಹಳಬರಲ್ಲೇ ಒಬ್ಬನಾದ ಲೋಕೇಶನಿಗೆ ಫಿಟ್ಸ್ ಬರುವುದು ನನಗೆ ಗೊತ್ತಿತ್ತು. ಅವನದು ಹೇಳಿದರೆ ಎಲ್ಲರನ್ನೂ ಕೇಳುತ್ತೀಯ — ನುಂಗಿಕೊಂಡೆ.

ಹಳೆ ಮೇಸ್ತ್ರಿ ಅವನನ್ನು ಮರ ಹತ್ತಿಸುತ್ತಿರಲಿಲ್ಲ. ಆ ವರ್ಷ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಹೊತ್ತಿಗೆ ಹೊಸ ಮೇಸ್ತ್ರಿ ಬಂದಿದ್ದ. ಲೋಕೇಶ ಏಣಿಯ ಬುಡದಲ್ಲಿ ನಿಂತುಬಿಟ್ಟ.

"ಅಣ್ಣ, ನಂಗೆ ಫಿಟ್ಸ್ ಬರ್ತದೆ."

ಮೇಸ್ತ್ರಿ ಮೊಬೈಲ್ ನೋಡಿದ. "ಇಲ್ಲಿ 'ಇಲ್ಲ' ಅಂತಿದೆಯಲ್ಲ. ಹೆಂಡ್ತಿ ಹತ್ರ ಆಡು ಈ ನಾಟಕ. ಹತ್ತು ಮಾರಾಯ."

ನಾನು ಅಲ್ಲೇ ಕಡಿದ ಸೊಪ್ಪು ಎಳೆಯುತ್ತಿದ್ದೆ. ಲೋಕೇಶ ನನ್ನ ಕಡೆ ನೋಡಿದ. ಒಂದು ಮಾತು ಸಾಕಿತ್ತು. ಹಾಗಾದರೆ 'ಇಲ್ಲ' ಅಂದವರು ಯಾರು ಎಂದು ಕೇಳಿದರೆ — ತಲೆ ತಗ್ಗಿಸಿದೆ. ಅವನು ಹತ್ತಿದ. ಮೇಲೆ ಕತ್ತಿಯ ಸದ್ದು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ. ಆಮೇಲೆ ಬಿದ್ದ.

ಸೊಂಟದ ಕೆಳಗೆ ಅವನಿಗೆ ಇವತ್ತಿಗೂ ಸ್ವಾಧೀನವಿಲ್ಲ.

ಮೊಬೈಲಿನ ನಿನ್ನ ಪ್ರೋಗ್ರಾಂ ತಪ್ಪು ಎಂದು ಎಸ್ಟೇಟಿನವರು ನಿನ್ನನ್ನು ಬೈದರು. ನೀನು ನನ್ನ ಹೆಸರು ಎತ್ತಲಿಲ್ಲ. "ನಾನೇ ಒಬ್ಬೊಬ್ಬರನ್ನ ಕೇಳ್ಬೇಕಿತ್ತು" ಎಂದು ಹೇಳಿ ಹೋದೆ. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ.

ಇವತ್ತು ಆಫೀಸಿಗೆ ಹೋಗಿ ನನ್ನ ವಿವರ ತೆಗೆಸಿದೆ. ಈಗಲೂ 'ಇಲ್ಲ' ಎಂದೇ ಇದೆ.

"ಎಡಗಣ್ಣು ಕಾಣಲ್ಲ ಅಂತ ಹಾಕಿ" ಎಂದೆ.

"ಯಾವಾಗಿಂದ ಅಜ್ಜಿ?" ಎಂದರು ಲೆಕ್ಕ ಬರೆಯುವ ರೈಟರು.

"ಲೋಕೇಶ ಬೀಳೋಕ್ ಮುಂಚಿಂದ."

ಅವರು ತಲೆಯೆತ್ತಿ ನೋಡಿದರು. ಎಲ್ಲ ಹೇಳಿದೆ. ಈಗ ಲೋಕೇಶನ ಮನೆಗೆ ಹೊರಟಿದ್ದೇನೆ. ಒಳಗೆ ಕರೆಯದಿದ್ದರೆ ಅಂಗಳದಲ್ಲೇ ನಿಂತು ಹೇಳುತ್ತೇನೆ.