ಲದ್ದಿ ತುಂಬಿದ್ದ ಡಬ್ಬಿ

ಇವತ್ತು ಬೆಳಿಗ್ಗೆ ದೊಡ್ಡಪ್ಪ ಅಹಮದಾಬಾದಿನಿಂದ ವಡೋದರದ ನನ್ನ ಮನೆಗೆ ಬಂದರು. ಅಮ್ಮ ಕಳಿಸಿದ ಚಟ್ನಿಪುಡಿಯ ಪೊಟ್ಟಣ ಬಿಚ್ಚಿದ್ದೇ ತಡ, ಇಂಗಿನ ವಾಸನೆ ಮನೆಯೆಲ್ಲ ಗಮ್ಮೆಂದಿತು. ಪುಡಿಯನ್ನು ನನ್ನ ಸ್ಟೀಲಿನ ಡಬ್ಬಿಗೆ ಸುರಿದೆ. ಆ ಡಬ್ಬಿ ತೆರೆದಾಗಲೆಲ್ಲ, ಹಳೆಯ ವಾಸನೆ ಉಳಿದಿದೆಯೋ ಎಂದು ಒಮ್ಮೆ ಮೂಸಿ ನೋಡುವುದು ನನ್ನ ಅಭ್ಯಾಸ. ನಗಬೇಡಿ, ಹಿಂದೊಮ್ಮೆ ಅದರಲ್ಲಿ ಆನೆಯ ಲದ್ದಿ ಇತ್ತು.

ನಮ್ಮದು ಅಹಮದಾಬಾದಿನ ಮಣಿನಗರದಲ್ಲಿ ಉಡುಪಿ ಹೋಟೆಲ್ ನಡೆಸುವ ಮನೆ. ಮೂಗೇ ನಮ್ಮ ಆಸ್ತಿ. ದೋಸೆಹಿಟ್ಟಿನ ಪಾತ್ರೆಯ ಮುಚ್ಚಳ ಸರಿಸಿ ಮೂಸಿದರೆ ಸಾಕು, ಹುಳಿ ಎಷ್ಟು ಬಂದಿದೆ, ಮಧ್ಯಾಹ್ನದ ತನಕ ತಡೆಯುತ್ತದೋ ಇಲ್ಲವೋ ಎಂದು ಹೇಳಬೇಕು. ಈ ವಿದ್ಯೆ ಕಲಿಸಿದ್ದೇ ದೊಡ್ಡಪ್ಪ. ಗುಜರಾತಿನಲ್ಲೇ ಬೆಳೆದ ನನ್ನ ಕನ್ನಡಕ್ಕಿಂತ ಮೂಗು ಎಷ್ಟೋ ವಾಸಿ ಎಂದು ಅಮ್ಮ ಆಡಿಕೊಳ್ಳುತ್ತಿದ್ದಳು.

ಕಾಲೇಜಿನ ಕೊನೆಯ ವರ್ಷ, ವನ್ಯಜೀವಿ ಸಂರಕ್ಷಣೆ ಕಲಿಯಲು ಮೂರು ವಾರ ಕೀನ್ಯಾಕ್ಕೆ ಹೋಗುವ ಅವಕಾಶ ಸಿಕ್ಕಿತು. "ಸೆಗಣಿ ಹೆಕ್ಲಿಕ್ಕೆ ಆಫ್ರಿಕಕ್ಕೆ ಹೋಗ್ಬೇಕಾ? ಮಣಿನಗರದಲ್ಲಿ ದನಗಳಿಗೆ ಬರವಾ?" ಎಂದರು ದೊಡ್ಡಪ್ಪ. ಮನೆಯಲ್ಲಿ ಅವರ ಮಾತೇ ಮಾತು. ಕೊನೆಗೆ, "ಹೋಗಿ ಬಾ, ಆಸೆ ತೀರ್ಲಿ. ಬಂದ ಮೇಲೆ ಸೂರತ್ತಿನ ನಮ್ಮ ಅಡಾಜಣ್ ಹೋಟ್ಲಿನ ಗಲ್ಲಾದಲ್ಲಿ ಕೂರ್ಬೇಕು" ಎಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲು ಧೈರ್ಯ ಬರಲಿಲ್ಲ. ಆ ಪುಕ್ಕಲುತನಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು.

ಕೀನ್ಯಾದಲ್ಲಿ ನಮಗೆ ಪಾಠ ನಡೆಯುತ್ತಿದ್ದುದು ಆನೆಗಳು ಓಡಾಡುವ ದಾರಿಯಲ್ಲಿ. ಒಂದು ದಿನ ಹಸಿ ಲದ್ದಿಯ ರಾಶಿ ಸಿಕ್ಕಿತು. ಜೊತೆಯವರು ಮೂಗು ಮುಚ್ಚಿಕೊಂಡರು, ನಾನು ಬಗ್ಗಿ ಮೂಸಿದೆ. ಹುಲ್ಲಿನ ವಾಸನೆಯ ನಡುವೆ ಉಕ್ಕಿಬಂದ ಹಿಟ್ಟಿನಂಥ ಹುಳಿ! "ಇದು ಹೊಲದ ಮೆಕ್ಕೆಜೋಳ ತಿಂದಿದೆ" ಎಂದೆ. ಕಲಿಸುತ್ತಿದ್ದ ಮೇಡಂ ಕೋಲಿನಿಂದ ಕೆದಕಿದರೆ ಜೋಳದ ಸಿಪ್ಪೆಗಳು ಸಿಕ್ಕವು. ಆನೆ ಹೊಲಕ್ಕೆ ಇಳಿದಿದೆ ಎಂದರೆ ಯಾರಿಗಾದರೂ ಅನಾಹುತ ಆಗುವ ಮೊದಲು ರೈತರನ್ನು ಎಚ್ಚರಿಸಬೇಕು. ಅವರಿಗೆ ತೋರಿಸಲು ಲದ್ದಿ ತುಂಬಿಕೊಳ್ಳೋಣವೆಂದರೆ ಬಾಟಲಿಗಳೇ ಮುಗಿದಿದ್ದವು. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಕಾಗದಕ್ಕೆ ಸುರಿದು, ಡಬ್ಬಿಗೆ ಲದ್ದಿ ತುಂಬಿದೆ. ನನ್ನ ಮೂಗು ಗಲ್ಲಾದಲ್ಲಿ ಕೂರುವುದಕ್ಕಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಊರಿಗೆ ಬಂದು ಈ ಕತೆಯನ್ನು ಹೆಮ್ಮೆಯಿಂದ ಹೇಳಿದೆ, ಅದೂ ಊಟದ ಹೊತ್ತಿಗೆ! ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ದೊಡ್ಡಪ್ಪ ತಟ್ಟೆ ಬಿಟ್ಟು ಎದ್ದರು. "ಆ ಡಬ್ಬಿ ಇನ್ನು ಅಡುಗೆಮನೆಗೆ ಬರ್ಲಿಕ್ಕಿಲ್ಲ!" ಹುಣಸೆಹಣ್ಣು ಹಾಕಿ, ಬಿಸಿನೀರಿನಲ್ಲಿ ಏಳು ಸಲ ತಿಕ್ಕಿದ್ದೇನೆ ಎಂದರೂ ಕೇಳಲಿಲ್ಲ. "ಸ್ಟೀಲಲ್ವಾ ಭಾವ, ತೊಳೆದ್ರೆ ಹೋಗ್ತದೆ" ಎಂದು ಅಮ್ಮ ಗೊಣಗಿದ್ದಷ್ಟೇ. ದನದ ಸೆಗಣಿಯಾದರೆ ಅಂಗಳಕ್ಕೆಲ್ಲ ಸಾರಿಸಬಹುದು, ಆನೆಯದು ಡಬ್ಬಿಗೂ ಆಗದು! ಇದ್ಯಾವ ನ್ಯಾಯ, ನೀವೇ ಹೇಳಿ. ನಾನು ಡಬ್ಬಿ ಎತ್ತಿಕೊಂಡು ವಡೋದರಕ್ಕೆ ಬಂದುಬಿಟ್ಟೆ. ಇಲ್ಲಿ ವಿಶ್ವಾಮಿತ್ರಿ ನದಿಯಿಂದ ಜನರ ಹಿತ್ತಲಿಗೆ ನುಗ್ಗುವ ಮೊಸಳೆಗಳನ್ನು ಹಿಡಿದು ಮರಳಿ ನೀರಿಗೆ ಬಿಡುವ ತಂಡದಲ್ಲಿದ್ದೇನೆ.

ಇವತ್ತು ಇಡ್ಲಿಯ ಜೊತೆ ಆ ಡಬ್ಬಿಯನ್ನು ದೊಡ್ಡಪ್ಪನ ಮುಂದಿಟ್ಟೆ.

"ಅಡಾಜಣ್ ಗಲ್ಲಾದಲ್ಲಿ ನಮ್ಮವರು ಯಾರೂ ಇಲ್ಲ. ಮೊಸಳೆ ಹಿಡಿದದ್ದು ಸಾಕು ಮಾರಾಯ್ತಿ, ಬಾ" ಎಂದರು. ಆಮೇಲೆ ಡಬ್ಬಿ ನೋಡಿದರು. "ಇದು ಅದೇ ಅಲ್ವಾ?"

"ಅದೇ ದೊಡ್ಡಪ್ಪ. ನಾನು ಗಲ್ಲಾಕ್ಕೆ ಬರುವುದಿಲ್ಲ. ಅವತ್ತೇ ಹೇಳಬೇಕಿತ್ತು, ತಪ್ಪು ನನ್ನದು."

ಅವರು ಒಣ ಇಡ್ಲಿಯನ್ನೇ ನೀರು ಕುಡಿದು ಕುಡಿದು ನುಂಗಿದರು. ಒಂದಲ್ಲ ಒಂದು ದಿನ ಈ ಡಬ್ಬಿಯಿಂದ ಅವರು ಒಂದು ಚಮಚ ಬಡಿಸಿಕೊಂಡಾರು ಎಂದು ಇಷ್ಟು ವರ್ಷ ಕಾದಿದ್ದೆ. ಬಡಿಸಿಕೊಳ್ಳಲಿಲ್ಲ. ಬೇಜಾರಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಡಬ್ಬಿಯನ್ನು ನನ್ನ ಕಡೆಗೆ ಎಳೆದುಕೊಂಡು, ತಟ್ಟೆಗೆ ಮೂರು ಚಮಚ ಪುಡಿ ಹಾಕಿಕೊಂಡೆ. ಮೂಸಿ ನೋಡಲಿಲ್ಲ.