ಗಾಗಲ್ ಹಾಕಿದ ಹಾಡುಗಾರ್ತಿ

ನನ್ನ ಮೊಮ್ಮಗಳ ಹಾಡು ನಿಲ್ಲಿಸಿದವಳು ನಾನು. ಟಿವಿ ಕೆಡಿಸಿತು ಎಂದು ಅವಳ ಅಪ್ಪ ಹೇಳುತ್ತಾನೆ. ಆರ್ಕೆಸ್ಟ್ರಾದವರು ಕೆಡಿಸಿದರು ಎಂದು ಬೀಗರು ಹೇಳುತ್ತಾರೆ. ಎರಡೂ ಸುಳ್ಳು. ಅವಳು ಕೆಟ್ಟಿರಲೇ ಇಲ್ಲ. ಒಂದು ಮದುವೆಯಲ್ಲಿ ನಾನು ಬಿಡಬಾರದ ಬಾಯಿ ಬಿಟ್ಟೆ, ಅದೇ ದಿನ ಸಂಜೆ ಬಿಡಬೇಕಾದ ಬಾಯಿ ಬಿಡಲಿಲ್ಲ. ನಡೆದದ್ದು ಇಷ್ಟೇ. ಇದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಒಮ್ಮೆ ಹೆಸರು ಹೇಳಿ ಆದದ್ದು ಸಾಕು.

ಗೋಕಾಕದಲ್ಲಿ ನನ್ನದು ಎರಡು ಖೋಲಿಯ ಮನೆ. ಗಂಡ ತೀರಿದ ಮೇಲೆ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಬದುಕಿದೆ. ಒಬ್ಬಳೇ ಮಗಳನ್ನು ಮೂಡಲಗಿಗೆ ಕೊಟ್ಟಿದ್ದೆ, ಅಳಿಯನದು ಬೆಲ್ಲದ ವ್ಯಾಪಾರ. ಅವರ ಹಿರಿಯ ಹುಡುಗಿ ಎಂಟನೇ ಇಯತ್ತೆಗೆ ಬಂದಾಗ ನನ್ನ ಹತ್ತಿರ ತಂದು ಬಿಟ್ಟರು. ಅವಳಿಗೆ ಓದು ಆಗುತ್ತದೆ, ನನಗೆ ಜೊತೆ ಆಗುತ್ತದೆ ಎಂದು. ಅವಳ ಜೊತೆಗೇ ಒಂದು ಹಳೆಯ ಟಿವಿಯೂ ಬಂತು, ಕೇಬಲ್ಲಿನವನು ಬಂದು ಕಿಟಕಿಯಿಂದ ವಾಯರ್ ಎಳೆದುಕೊಟ್ಟು ಹೋದ.

ಸಾಲೆ ಬಿಟ್ಟು ಬಂದವಳೇ ಚೀಲ ಮೂಲೆಗೆ ಒಗೆದು ಟಿವಿ ಮುಂದೆ ಕೂರುತ್ತಿದ್ದಳು. ಐದು ಗಂಟೆಗೆ ಒಂದು ಚಿತ್ರದ ಗೊಂಬೆಗಳ ಧಾರಾವಾಹಿ ಬರುತ್ತಿತ್ತು. ಹೊರದೇಶದ್ದು, ಮಾತು ಮಾತ್ರ ಹಿಂದಿಗೆ ಮಾಡಿದ್ದರು. ನನಗೆ ಹಿಂದಿ ಬಾರದು. ಹುಡುಗಿ ಹೇಳುತ್ತಿದ್ದಳು, ನಾನು ಹಿಟ್ಟು ನಾದುತ್ತ ಕೇಳುತ್ತಿದ್ದೆ. ಅದರಲ್ಲಿ ಒಬ್ಬ ಹುಡುಗಿ ಹಗಲೆಲ್ಲ ಇಸ್ತ್ರಿ ಅಂಗಡಿಯಲ್ಲಿ ಮಂದಿಯ ಅಂಗಿ ತೀಡುತ್ತಾಳೆ. ಸಂಜೆ ನೀಲಿ ಗಾಗಲ್ ಹಾಕಿ, ಕೂದಲನ್ನು ಪಾತ್ರೆ ತಿಕ್ಕುವ ಬ್ರಷ್ಷಿನ ಹಾಗೆ ನಿಲ್ಲಿಸಿಕೊಂಡು, ಗಿಟಾರು ಕೊರಳಿಗೆ ಹಾಕಿಕೊಂಡು ಸಾವಿರ ಜನರ ಮುಂದೆ ಹಾಡುತ್ತಾಳೆ. ಅದಕ್ಕೆ ರಾಕ್ ಎನ್ನುತ್ತಾರಂತೆ. ನನ್ನ ಕಿವಿಗೆ ತಗಡಿನ ಮೇಲೆ ಆಣೆಕಲ್ಲು ಬಿದ್ದ ಹಾಗೆ ಕೇಳುತ್ತಿತ್ತು. ಹಾಡುವಾಗ ಅವಳಿಗೆ ಬೇರೆ ಹೆಸರು. ಇಬ್ಬರೂ ಒಬ್ಬಳೇ ಎಂದು ಊರಿನಲ್ಲಿ ಯಾರಿಗೂ ತಿಳಿಯದು. ಉದ್ದ ಮೂಗಿನ, ಸುದ್ದಿ ಬರೆಯುವ ಪೇಪರಿನವನೊಬ್ಬ ದಿನಾ ಅವಳ ಬೆನ್ನು ಹತ್ತುತ್ತಾನೆ, ದಿನಾ ಅವಳು ತಪ್ಪಿಸಿಕೊಳ್ಳುತ್ತಾಳೆ.

"ಹಗಲೆಲ್ಲ ತೀಡತಾಳ, ಸಂಜಿಕಡೆ ಕುಣಿತಾಳ. ಅಕಿ ಉಣ್ಣೂದ ಯಾವಾಗ?" ಎಂದೆ ಒಮ್ಮೆ.

"ಕಾರ್ಟೂನ್‌ನ್ಯಾಗ ಉಣ್ಣೂದಿಲ್ಲ ಆಯಿ."

"ಬರೇ ಗಾಗಲ್ ಹಾಕ್ಕೊಂಡ್ರ ಗುರ್ತ ಸಿಗೂದಿಲ್ಲೇನ? ಎಂಥಾ ಕುಲ್ಡ ಊರ ಅದು. ನಮ್ಮ ಓಣ್ಯಾಗ ಚಪ್ಪಲಿ ಸಪ್ಪಳಕ್ಕ ಯಾರು ಅಂತ ಹೇಳತಾರ."

"ಮಂದಿ ಮಾರಿ ನೋಡೂದಿಲ್ಲ ಆಯಿ, ಅರಿಬಿ ನೋಡತಾರ," ಎಂದಳು ಹದಿಮೂರು ವರ್ಷದ ಹುಡುಗಿ.

ಆ ಕಥೆಯಲ್ಲಿ ಗುಟ್ಟು ಗೊತ್ತಿದ್ದುದು ಒಬ್ಬಳಿಗೇ. ಇಸ್ತ್ರಿ ಅಂಗಡಿಯ ಒಡತಿ, ಒಬ್ಬ ಮುದುಕಿ. ಏನು ಕೇಳಿದರೂ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದಿಲ್ಲ. ಪೇಪರಿನವನು ಬಂದರೆ ಅವನ ಅಂಗಿಯನ್ನೇ ಬಿಚ್ಚಿಸಿಕೊಂಡು ಇಸ್ತ್ರಿ ಮಾಡಿ ಕಳಿಸುತ್ತಾಳೆ. "ಅಕಿ ಥೇಟ್ ನಿನ್ನಂಗ ಅದಾಳ," ಎನ್ನುತ್ತಿದ್ದಳು ಮೊಮ್ಮಗಳು. "ಬಾಯಿ ಅಷ್ಟ ಕಮ್ಮಿ."

ಒಂದು ಸೋಮವಾರ ಐದು ಗಂಟೆಗೆ ಅದರ ಜಾಗದಲ್ಲಿ ಬೇರೇನೋ ಬಂತು. ಮರುದಿನವೂ ಬೇರೆಯೇ. ಕಥೆ ಎಲ್ಲಿಗೆ ಮುಟ್ಟಿತು, ಅವಳು ಸಿಕ್ಕಳೋ ಇಲ್ಲವೋ, ನಮಗೆ ಗೊತ್ತಾಗಲಿಲ್ಲ. ಹುಡುಗಿ ಎರಡು ದಿನ ಮುಖ ಊದಿಸಿಕೊಂಡು ತಿರುಗಿದಳು. ಮೂರನೆಯ ದಿನ ನಾನು ರೊಟ್ಟಿ ಬಡಿಯುವಾಗ ಎದುರು ಕೂತು ಮುಂದಿನ ಕಥೆಯನ್ನು ತಾನೇ ಹೇಳತೊಡಗಿದಳು. ನಡುನಡುವೆ ಹಾಡೂ ಬರುತ್ತಿತ್ತು, ಶಬ್ದ ಅವಳದೇ, ಧಾಟಿ ಅವಳದೇ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಸರಿಯಾಗಿ ಹಾಡುತ್ತಿದ್ದಳು. ನಾನು ಜೋರು ಮಾಡಿದರೆ ಅವಳೂ ಜೋರು. ಅವಳ ಕಥೆಯಲ್ಲಿ ಹಾಡುಗಾರ್ತಿ ಎಂದೂ ಸಿಗಲಿಲ್ಲ. ಎರಡು ವರ್ಷ ಹೇಳಿದಳು.

ಕಾಲೇಜಿನ ಮೊದಲ ವರ್ಷ ಗ್ಯಾದರಿಂಗ್ ಸಮಾರಂಭದಲ್ಲಿ ಹಾಡಿದಳು. ಅದನ್ನು ಕೇಳಿ ಒಬ್ಬ ಆರ್ಕೆಸ್ಟ್ರಾ ಮಾಸ್ತರ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ. ತಮ್ಮಲ್ಲಿ ಹಾಡುತ್ತಿದ್ದ ಹುಡುಗಿಯ ಮದುವೆಯಾಯಿತು, ಇವಳನ್ನು ಕಳಿಸುತ್ತೀರಾ, ಹೋಗುವಾಗ ಬರುವಾಗ ನನ್ನ ಹೆಂಡತಿ ಟೆಂಪೊದಲ್ಲಿ ಜೊತೆಗಿರುತ್ತಾಳೆ ಎಂದ. ಅಳಿಯ ಒಪ್ಪುವ ಮಾತೇ ಇಲ್ಲ, ಅದು ನನಗೂ ಗೊತ್ತು ಅವಳಿಗೂ ಗೊತ್ತು. ಅವರು ಹೋದ ಮೇಲೆ ಹುಡುಗಿ ಅಂದಳು, "ಬ್ಯಾರೆ ಹೆಸರಲೆ ಹಾಡತೇನಿ ಆಯಿ. ಗಾಗಲ್ ಹಾಕ್ಕೋತೇನಿ. ನೀ ಒಬ್ಬಾಕಿ ಸುಮ್ಮನಿದ್ದರ ಆತು."

ನಾನು ಯೋಚನೆ ಮಾಡಿದೆ. ಹೆಣ್ಣಿಗೆ ಎರಡು ಹೆಸರು ನಮ್ಮ ಕಡೆ ಹೊಸದಲ್ಲ. ನನ್ನ ಮದುವೆಯ ದಿನ ತಾಟಿನ ಅಕ್ಕಿಯ ಮೇಲೆ ಗಂಡ ಉಂಗುರದಿಂದ ಹೊಸ ಹೆಸರು ಬರೆದ. ಅಪ್ಪ ಅವ್ವ ಇಟ್ಟ ಹೆಸರು ತವರಿನಲ್ಲಿ ಉಳಿಯಿತು. ಅದರಿಂದ ಕರೆಯುವವರು ಒಬ್ಬೊಬ್ಬರೇ ಸತ್ತರು. ಈಗ ಯಾರಾದರೂ ಆ ಹೆಸರು ಕೂಗಿದರೆ ನಾನು ತಿರುಗಿ ನೋಡುವುದೂ ಇಲ್ಲ. ನನ್ನನ್ನು ಕೇಳದೆ ಇನ್ನೊಬ್ಬರು ಹೆಸರು ಬದಲಿಸಬಹುದಾದರೆ ಇವಳು ತಾನಾಗಿ ಒಂದು ಇಟ್ಟುಕೊಂಡರೆ ಯಾರ ಗಂಟು ಹೋಯಿತು? ಹೂಂ ಎಂದೆ. ಅವಳು ಇಟ್ಟುಕೊಂಡ ಹೆಸರು ಎರಡಕ್ಷರದ್ದು, ಯಾವುದೋ ಸೋಪಿನ ಹೆಸರಿನ ಹಾಗಿತ್ತು.

ಹೂಂ ಎಂದು ಸುಮ್ಮನೆ ಕೂರಲಿಲ್ಲ. ಹಳೆಯ ಕರಿ ಕೋಟೊಂದಕ್ಕೆ ಮಿನುಗುವ ಟಿಕಳಿ ಹಚ್ಚಿ ಹೊಲಿದವಳು ನಾನೇ. ಹೆಗಲಿಗೆ ಎರಡು ಸಾಲು, ತೋಳಿಗೆ ಒಂದು ಸಾಲು. ಕಣ್ಣು ಮಂಜಾಗಿ ಬೆರಳೆಲ್ಲ ಚುಚ್ಚಿಕೊಂಡೆ. ಒಂದು ವರ್ಷ ಅವಳು ಹಾಡಿದಳು. ಓದಿನಲ್ಲಿಯೂ ಹಿಂದೆ ಬೀಳಲಿಲ್ಲ. ಕೊಣ್ಣೂರಿನ ಒಂದು ಕಾರ್ಯಕ್ರಮಕ್ಕೆ ನಾನೂ ಹೋಗಿ ಹಿಂದೆ ಹೆಂಗಸರ ನಡುವೆ ಸೆರಗು ಹೊದ್ದು ಕೂತಿದ್ದೆ. ಜನ ಮತ್ತೊಮ್ಮೆ ಹಾಡಬೇಕೆಂದು ಕೂಗಿದರು. ನಾನೂ ಕೂಗಿದೆ.

ಮರುವರ್ಷ ಹುಕ್ಕೇರಿಯಲ್ಲಿ ಅಳಿಯನ ಅಕ್ಕನ ಮೈದುನನ ಮದುವೆ. ಮಗಳಿಗೆ ಜ್ವರ ಇತ್ತು, ಬರಲಿಲ್ಲ. ನಾನು ಗೋಕಾಕದಿಂದ ಬಸ್ಸಿಗೆ ಹೋದೆ. ಹುಡುಗಿಗೆ ಅಂದು ಕಾಲೇಜು. ಬರಬೇಕಾಗಿದ್ದ ಬೇರೆ ಊರಿನ ಆರ್ಕೆಸ್ಟ್ರಾ ಕೈ ಕೊಟ್ಟಿತಂತೆ, ಹೆಣ್ಣಿನ ಕಡೆಯವರು ಬೆಳಿಗ್ಗೆ ಓಡಾಡಿ ನಮ್ಮ ಮಾಸ್ತರನನ್ನು ಹಿಡಿದು ತಂದಿದ್ದರು. ಅಂದು ಹುಕ್ಕೇರಿಯಲ್ಲಿ ಐದಾರು ಮದುವೆ, ಇದು ಯಾರದೆಂದು ಅವಳಿಗೆ ಗೊತ್ತಿರಲಿಲ್ಲ, ಬರುವವಳು ಅವಳೆಂದು ನನಗೆ ಗೊತ್ತಿರಲಿಲ್ಲ. ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತಾಗ ಹಾಡು ಶುರುವಾಯಿತು. ತಲೆ ಎತ್ತಿದರೆ ನಾನು ಹೊಲಿದ ಕೋಟು.

ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ. ಪಕ್ಕದಲ್ಲಿ ಕೂತವಳು ಅಳಿಯನ ಅಕ್ಕನೇ, ಹುಡುಗಿಯ ಸ್ವಂತ ಸೋದರತ್ತೆ. ತೊಟ್ಟಿಲಲ್ಲಿ ಹಾಕಿ ಹೆಸರಿಟ್ಟವಳು. ಹತ್ತು ಹೆಜ್ಜೆ ದೂರದಲ್ಲಿ ಹುಡುಗಿ ನಿಂತಿದ್ದಾಳೆ, ಇವಳಿಗೆ ಗುರುತು ಸಿಗಲಿಲ್ಲ. ಕಣ್ಣು ಕಿರಿದು ಮಾಡಿಯೂ ನೋಡಿದಳು, ಸಿಗಲಿಲ್ಲ. ಅಳಿಯ ಊಟದ ಚಪ್ಪರದಲ್ಲಿ ಬಡಿಸುವವರ ಹಿಂದೆ ಓಡಾಡುತ್ತಿದ್ದ, ಅವನು ಈ ಕಡೆ ನೋಡಲೂ ಇಲ್ಲ. ಊರೆಲ್ಲ ಕುರುಡಾಗುವುದು ಕಾರ್ಟೂನಿನಲ್ಲಿ ಮಾತ್ರ ಎಂದು ನಾನು ನಕ್ಕಿದ್ದೆ. ನಕ್ಕದ್ದು ತಪ್ಪು. ನಾನು ಸುಮ್ಮನೆ ಕೂತಿದ್ದರೆ ಹುಡುಗಿ ಹಾಡಿ, ಉಂಡು, ಟೆಂಪೊ ಹತ್ತಿ ಹೋಗುತ್ತಿದ್ದಳು.

"ಧ್ವನಿ ಭಾಳ ಛಲೋ ಐತಿ ನೋಡ್ರಿ ಬೀಗತಿ," ಎಂದಳು ಅಕ್ಕ. "ಟೇಪಿನ್ಯಾಗ ಹಾಕಿದಂಗ ಐತಿ."

ಇಪ್ಪತ್ತು ವರ್ಷದ ಬೀಗತನದಲ್ಲಿ ಈ ಹೆಂಗಸು ನಮ್ಮ ಮನೆಯದು ಒಂದನ್ನೂ ಛಲೋ ಎಂದವಳಲ್ಲ. ನಾನು ಕಳಿಸಿದ ಹೋಳಿಗೆ ದಪ್ಪ, ನಾನು ಕೊಟ್ಟ ಪಾತ್ರೆ ತೆಳ್ಳಗೆ, ನನ್ನ ಮಗಳು ಕಪ್ಪು. ಈಗ ಮೊದಲನೆಯ ಸಲ ಛಲೋ ಎಂದಳು, ಯಾರದೆಂದು ಗೊತ್ತಿಲ್ಲದೆ. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಅವಳು ಬಿಡಲಿಲ್ಲ.

"ಆದರ ಇಂಥಾವಕ್ಕ ಹಿಂದ ಮುಂದ ಯಾರೂ ಇರೂದಿಲ್ರಿ. ಇದ್ದರ ಇಷ್ಟ ಗಂಡಸರ ಮುಂದ ನಿಂದ್ರಾಕ ಬಿಡತಿದ್ದರೇನು?"

"ಯಾಕ ಇರೂದಿಲ್ಲ? ಇರತಾರ," ಎಂದೆ.

"ಇದ್ದರ ಯಾರ ಮನೀದು ಹೇಳ್ರಿ ನೋಡೂನು. ನಿಮಗ ಗೋಕಾಕದವರೆಲ್ಲ ಗೊತ್ತಲಾ," ಎಂದು ಸುತ್ತಲಿನವರನ್ನು ನೋಡಿ ನಕ್ಕಳು.

"ನಿಮ್ಮ ಮನೀದ," ಎಂದೆ. "ನಿಮ್ಮ ತಮ್ಮನ ಮಗಳು. ನೀವ ಹೆಸರ ಇಟ್ಟೀರಿ." ಅವಳು ಇಟ್ಟಿದ್ದ ಹೆಸರನ್ನೂ ಹೇಳಿದೆ, ಹಿಂದಿನ ಸಾಲಿನವರಿಗೂ ಕೇಳುವ ಹಾಗೆ.

ಅವಳ ಮುಖದ ನಗೆ ಅಲ್ಲೇ ನಿಂತಿತು. ಆ ಮುಖ ನೋಡಿ ನನಗೆ ಆದ ಸಂತೋಷ ಸುಳ್ಳಲ್ಲ. ಎರಡು ಉಸಿರಿನಷ್ಟು ಹೊತ್ತು ಇತ್ತು ಅದು. ಆಮೇಲೆ ಅವಳು ಸೀರೆ ಜಾಡಿಸಿ ಎದ್ದು ಊಟದ ಚಪ್ಪರದ ಕಡೆ ನಡೆದಳು.

ಅಳಿಯ ಕೂಗಾಡುವವನಲ್ಲ. ಕೈಯಲ್ಲಿದ್ದ ಬುಟ್ಟಿಯನ್ನು ಇನ್ನೊಬ್ಬರಿಗೆ ಕೊಟ್ಟು ಬಂದು ವೇದಿಕೆಯ ಬಾಜೂ ನಿಂತ. ಹಾಡು ಮುಗಿಯುವವರೆಗೆ ನಿಂತ. ಹುಡುಗಿ ಅವನನ್ನು ನೋಡಿದಳು, ಆದರೂ ನಡುವೆ ನಿಲ್ಲಿಸಲಿಲ್ಲ, ಕೊನೆಯ ಸಾಲಿನವರೆಗೂ ಹಾಡಿ ಗಾಗಲ್ ತಾನೇ ತೆಗೆದಳು. ಜನ ಚಪ್ಪಾಳೆ ಹೊಡೆಯುತ್ತಲೇ ಇದ್ದರು.

ಬಾಡಿಗೆಯ ಜೀಪಿನಲ್ಲಿ ಮೂವರೂ ಗೋಕಾಕಕ್ಕೆ ಬಂದೆವು. ಮನೆಗೆ ಬಂದು ಅವನು ಕೋಟನ್ನು ದೀಪದ ಕೆಳಗೆ ಹಿಡಿದು ಟಿಕಳಿಯ ಸಾಲನ್ನು ಬೆರಳಿನಿಂದ ಸವರಿದ.

"ಇದನ್ನ ಹೊಲದವರು ಯಾರ್ರಿ ಅತ್ತಿ?"

ಹೇಳಬೇಕಾಗಿದ್ದುದು ಆಗ. ನಾನೇ ಹೊಲಿದೆ, ನಾನೇ ಕಳಿಸಿದೆ, ಬೈಯುವುದಿದ್ದರೆ ನನ್ನನ್ನು ಬೈ ಎಂದಿದ್ದರೆ ಸಾಕಿತ್ತು. ಅವನು ನನಗೆ ಏನು ಮಾಡುತ್ತಿದ್ದ? ಹೆಚ್ಚೆಂದರೆ ಮಗಳನ್ನು ನಾಲ್ಕು ತಿಂಗಳು ತವರಿಗೆ ಕಳಿಸುತ್ತಿರಲಿಲ್ಲ. ನನಗೆ ಅಷ್ಟಕ್ಕೇ ಹೆದರಿಕೆ ಬಂತು. ಊರ ಬೀಗತಿಯರ ಮುಂದೆ ಹರಿದ ಬಾಯಿ ಇಲ್ಲಿ ಒಣಗಿತು.

"ನನಗೇನ ಗೊತ್ತ್ರಿ," ಎಂದೆ. "ಕಾಲೇಜಿಗೆ ಅಂತ ಹೋಗತಿದ್ಲು. ನನ್ನ ಕಣ್ಣ ಎಲ್ಲಿ ಕಾಣತಾವು. ಇವತ್ತ ನೋಡಿದ ಮ್ಯಾಲೆ ಗೊತ್ತಾತು."

ಹುಡುಗಿ ನನ್ನ ಕೈ ನೋಡಿದಳು. ಹಿಂದಿನ ವಾರ ಉದುರಿದ ಟಿಕಳಿ ಮತ್ತೆ ಹಚ್ಚುವಾಗ ಚುಚ್ಚಿಕೊಂಡ ಬೆರಳಿನ ಚುಕ್ಕೆಗಳು ಇನ್ನೂ ಮಾಸಿರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕು, ನಾನು ಸಿಗುತ್ತಿದ್ದೆ. ಅವಳು ಅಪ್ಪನ ಕಡೆ ತಿರುಗಿ, "ನಾನ ಹೊಲಕೊಂಡೇನಿ. ಆಯಿಗೆ ಏನೂ ಗೊತ್ತಿಲ್ಲ," ಎಂದಳು.

ಅವನು ಅವಳ ಕೆನ್ನೆಗೆ ಒಂದು ಹೊಡೆದ. ಒಂದೇ. ಆಮೇಲೆ ನನ್ನ ಕಡೆ ನೋಡಿ ಮೆತ್ತಗೆ, "ನಿಮ್ಮ ಕಣ್ಣಿಗಿ ಮಣ್ಣ ಎರಚ್ಯಾಳ್ರಿ ಅತ್ತಿ. ವಯಸ್ಸಾದವರನ್ನೂ ಬಿಡಲಿಲ್ಲ," ಎಂದ. ಹುಡುಗಿಯ ಅರಿವೆಗಳನ್ನು ನಾನೇ ಗಂಟು ಕಟ್ಟಿಕೊಟ್ಟೆ. ಕೋಟನ್ನು ಅವನು ಒಲೆಯ ಹತ್ತಿರ ಒಗೆದ. ಹುಡುಗಿ ಹೊಸ್ತಿಲು ದಾಟುವಾಗ ನನಗೆ ನಮಸ್ಕಾರ ಮಾಡಿದಳು, ದೊಡ್ಡವರಿಗೆ ಮಾಡುವ ಹಾಗೆ. ಮದುವೆಯಲ್ಲಿ ಯಾಕೆ ಹೆಸರು ಹೇಳಿದೆ ಎಂದು ಕೇಳಲಿಲ್ಲ. ಈವರೆಗೂ ಕೇಳಿಲ್ಲ. ಆ ಬೇಸಿಗೆಯಲ್ಲೇ ಮದುವೆ ಮಾಡಿದರು. ಅಕ್ಕಿಯಲ್ಲಿ ಅವಳಿಗೂ ಒಂದು ಹೆಸರು ಬರೆದರು. ಹಬ್ಬಕ್ಕೆ ಬಂದರೆ ನನ್ನ ಮೊಣಕಾಲು ಹೇಗಿದೆ ಎಂದು ವಿಚಾರಿಸುತ್ತಾಳೆ, ಚಹಾ ಮಾಡಿಕೊಡುತ್ತಾಳೆ. ಅವಳ ಕೂಸನ್ನು ತೊಟ್ಟಿಲಲ್ಲಿ ಹಾಕಿದ ದಿನವೂ ಅವಳು ಹಾಡಲಿಲ್ಲ. ನಾವು ಮುದುಕಿಯರು ಹಾಡಿದೆವು.

ಆ ಸಂಜೆ ಹುಡುಗಿಯನ್ನು ಮೂಡಲಗಿಗೆ ಕರೆದೊಯ್ಯಲು ಜೀಪು ಹತ್ತುವ ಮೊದಲು ಅಳಿಯ ಒಂದು ಕೆಲಸ ಹೇಳಿದ್ದ. "ಕಾಲೇಜಿನ್ಯಾಗ ಪಾಲಕರು ಅಂತ ನಿಮ್ಮ ಸಹಿ ಐತಿ. ಬಿಡಿಸಾಕೂ ನೀವ ಬೇಕು."

ಮರುದಿನ ಬೆಳಿಗ್ಗೆ ಖಾನಾವಳಿಯ ರೊಟ್ಟಿ ಮುಗಿಸಿ, ಜಳಕ ಮಾಡಿ, ಒಗೆದ ಸೀರೆ ಉಟ್ಟು ಕಾಲೇಜಿಗೆ ಹೋದೆ. ಆಫೀಸು ಇನ್ನೂ ತೆರೆದಿರಲಿಲ್ಲ, ಕಟ್ಟೆಯ ಮೇಲೆ ಕೂತು ಕಾದೆ. ಬೇಡವೆಂದು ಎದ್ದು ಬರಬಹುದಾಗಿತ್ತು. ಸಹಿ ನನ್ನದು, ನಾನು ಮಾಡದಿದ್ದರೆ ಅವಳ ಹೆಸರು ಪಟ್ಟಿಯಲ್ಲಿ ಇನ್ನಷ್ಟು ದಿನ ಇರುತ್ತಿತ್ತು. ಗುಮಾಸ್ತ ಬಂದು ಕಾಗದ ತೆಗೆದ.

"ಛಲೋ ಓದೂ ಹುಡುಗಿ ಐತಲ್ರಿ ಅಮ್ಮಾ. ಪರೀಕ್ಷಾಕ ಮೂರ ತಿಂಗಳ ಉಳದೈತಿ. ಯಾಕ ಬಿಡಸ್ತೀರಿ?"

"ಅವರವ್ವಗ ಆರಾಮಿಲ್ಲ," ಎಂದೆ.

ಅವನು ಅದನ್ನೇ ಬರೆದುಕೊಂಡು, ಕಾಗದ ತಿರುಗಿಸಿ, ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದ. ನಾನು ಪೆನ್ನು ತೆಗೆದುಕೊಂಡು ನನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಸಹಿ ಮಾಡಿದೆ. ಕಾಲೇಜು ಬಿಟ್ಟ ಸರ್ಟಿಫಿಕೇಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಹನ್ನೊಂದರ ಬಸ್ಸಿಗೆ ಮೂಡಲಗಿಗೆ ಹೋಗಿ ಅಳಿಯನ ಕೈಗೆ ಕೊಟ್ಟು ಬಂದೆ.